ಜರ್ಮನಿಯ ಹಳೆಯ ಅಚ್ಚಿನ ಚಿತ್ರಗಳೂ ನಮ್ಮ ಕರಾವಳಿಯೂ

ಕೈಯಿಂದ ಬರೆದ ಚಿತ್ರವು ಒಂದೇ ಒಂದು. ಅದು ಒಬ್ಬನ ಮನೆಯಲ್ಲಿದ್ದರೆ ಮತ್ತೊಬ್ಬನ ಮನೆಯಲ್ಲಿರಲಾರದು. ಅಚ್ಚಿನ ಚಿತ್ರವಾದರೋ ನೂರು ಮನೆಗಳಲ್ಲಿ ಏಕಕಾಲದಲ್ಲಿ ನೆಲಸಬಲ್ಲುದು. ಈ ಭೇದವನ್ನು ಕಣ್ಣಾರೆ ಕಾಣಬೇಕಾದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಜರ್ಮನ್ ಹಾಳೆಗಳನ್ನು ನೋಡಬೇಕು. ನ್ಯೂರೆಂಬರ್ಗಿನ ಅಕ್ಕಸಾಲಿಗನ ಮಗನಾದ ಆಲ್ಬ್ರೆಕ್ಟ್ ಡ್ಯೂರರನು (1471–1528) 1515ರಲ್ಲಿ ಲೇಖನಿಯಿಂದ ಬರೆದ ಖಡ್ಗಮೃಗವೂ, ಅದರಿಂದ ಹುಟ್ಟಿದ ಮರದಚ್ಚಿನ ಚಿತ್ರವೂ ಅಲ್ಲಿ ಉಂಟು.

ಆ ಮೃಗವು ನಮ್ಮ ದೇಶದ್ದು. ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಕೊಟ್ಟ ಆ ಪ್ರಾಣಿ ಹಡಗಿನಲ್ಲಿ 1515ರ ಮೇ ತಿಂಗಳಲ್ಲಿ ಲಿಸ್ಬನ್ನನ್ನು ಮುಟ್ಟಿತು. ಡ್ಯೂರರನು ಅದನ್ನು ಎಂದೂ ನೋಡಲಿಲ್ಲ. ಅಲ್ಲಿಂದ ಬಂದ ವರ್ಣನೆಯನ್ನೂ ಒಂದು ರೇಖಾಚಿತ್ರವನ್ನೂ ಆಧರಿಸಿ ಬರೆದನು. ಆದುದರಿಂದಲೇ ಅದರ ಮೈಗೆ ಲೋಹದ ಕವಚದಂತಹ ತೊಗಲೂ, ಹೆಗಲ ಮೇಲೆ ಇಲ್ಲದ ಒಂದು ಪುಟ್ಟ ಕೊಂಬೂ ಬಂದುವು. ಆದರೂ ಅಚ್ಚಿನ ಬಲದಿಂದ ಆ ರೂಪವೇ ಯೂರೋಪಿನಲ್ಲಿ ಬಹುಕಾಲ ಖಡ್ಗಮೃಗವೆಂದು ನಂಬಲ್ಪಟ್ಟಿತು. ಅಚ್ಚು ಜ್ಞಾನವನ್ನು ಹರಡುವಂತೆ ತಪ್ಪನ್ನೂ ಹರಡುವುದಲ್ಲವೆ?

ಮರದಚ್ಚಿನಲ್ಲಿ ಗೆರೆಯನ್ನು ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಾರೆ. ಉಳಿದ ಏಣಿಗೆ ಮಸಿ ಹಚ್ಚುತ್ತಾರೆ. ತಾಮ್ರದ ತಗಡಿನಲ್ಲಿ ಇದಕ್ಕೆ ವಿಪರೀತ: ಕೊರೆದ ಗೀರಿನಲ್ಲಿ ಮಸಿ ನಿಲ್ಲುತ್ತದೆ. ಹಲಗೆ ಸವೆದಂತೆಲ್ಲ ಗೆರೆ ಮುರಿಯುವುದು, ಹುಳು ಕೊರೆದ ತೂತು ಚುಕ್ಕೆಯಾಗಿ ಕಾಣುವುದು. ಹೀಗೆ ಮೊದಲ ಪ್ರತಿ ಯಾವುದು, ಕಡೆಯ ಪ್ರತಿ ಯಾವುದು ಎಂಬುದನ್ನು ಬಲ್ಲವರು ಗುರುತಿಸುತ್ತಾರೆ.

ಮೂರನೆಯ ಬಗೆ ಕಲ್ಲಚ್ಚು. ಅಲೋಯಿಸ್ ಸೆನೆಫೆಲ್ಡರನು ಬವೇರಿಯಾದಲ್ಲಿ 1790ರ ದಶಕದ ಕೊನೆಗೆ ಇದನ್ನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ನೀರು ಹಚ್ಚಿದರೆ, ಜಿಡ್ಡು ನೀರನ್ನೊಲ್ಲದು. ಮುದ್ರಣದ ಮಸಿ ಬರೆದ ಕಡೆಗೆ ಮಾತ್ರ ಹಿಡಿಯುವುದು. ಕೆತ್ತುವ ಕೆಲಸವೇ ಇಲ್ಲ.

ಈ ವಿದ್ಯೆ ನಮ್ಮ ಕರಾವಳಿಗೂ ಬಂದಿತು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಒತ್ತಕ್ಷರಗಳಿಂದ ತುಂಬಿದ ಕನ್ನಡಕ್ಕೆ ಅಚ್ಚುಮೊಳೆಗಳನ್ನು ಎರಕ ಹೊಯ್ಯುವುದು ಕಷ್ಟವಾಗಿದ್ದ ಕಾಲದಲ್ಲಿ, ಕೈಬರಹವನ್ನೇ ಕಲ್ಲಿಗಿಳಿಸುವ ಈ ಉಪಾಯ ವರವಾಯಿತು. 1843ರ ಜುಲೈ 1ರಂದು ಜರ್ಮನ್ ವಿದ್ವಾಂಸ ಹರ್ಮನ್ ಮೋಗ್ಲಿಂಗನು ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನ ಮಗುವೇ ಸರಿ.

ಆ ಮಂಗಳೂರಿಗೆ ಪುತ್ತೂರು, ಸುಳ್ಯ, ಕಡಬ ದೂರವಲ್ಲ. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ಚಿತ್ರಕಲೆಯ ವಿಷಯವಾಗಿ ಗ್ರಂಥ ಬರೆದುದಲ್ಲದೆ ಮುದ್ರಣಾಲಯವನ್ನೂ ನಡೆಸಿದರು. ಈ ಸೀಮೆಯ ಹಳೆಯ ಮನೆಯೊಂದರ ಅಟ್ಟದಲ್ಲಿ ಕಲ್ಲಚ್ಚಿನ ದೇವರ ಪಟವೋ, ಹಳೆಯ ಪಂಚಾಂಗವೋ ಇದ್ದರೆ ಅದು ಆ ಜರ್ಮನ್ ವಿದ್ಯೆಯ ದೂರದ ನೆಂಟ.

ಆದರೆ ಆ ನೆಂಟನಿಗೆ ನಮ್ಮ ಮಳೆಗಾಲವೂ ಒರಲೆಯೂ ಶತ್ರುಗಳು. ಮ್ಯೂಸಿಯಮ್ಮಿನವರು ಕಾಗದವನ್ನು ಬೆಳಕಿಗೆ ಬಹುಕಾಲ ಒಡ್ಡರು. ಆಮ್ಲವಿಲ್ಲದ ಕಾಗದದ ನಡುವೆ ಪೆಟ್ಟಿಗೆಯಲ್ಲಿಡುವರು. ನಾವೂ ಪಟವನ್ನು ತೇವದ ಗೋಡೆಯಿಂದ ಇಳಿಸಬಹುದು. ಹರಿದ ಕಡೆ ಅಂಟುಪಟ್ಟಿ ಹಚ್ಚದಿರಬಹುದು. ಯಾರಿಂದ, ಯಾವ ಊರಿನಿಂದ ಬಂದಿತೆಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದಿಡಬಹುದು. ಸಾವಿರ ಪ್ರತಿ ಅಚ್ಚಾದುದೆಂಬ ಕಾರಣಕ್ಕೇ ಯಾರೂ ಜೋಪಾನ ಮಾಡದೆ, ಕಡೆಗೆ ಒಂದೂ ಉಳಿಯದೆ ಹೋಗುವ ವಸ್ತುಗಳಲ್ಲಿ ಅಚ್ಚಿನ ಚಿತ್ರವು ಮೊದಲನೆಯದು.