ಗಾಲಿಗೆ ತಕ್ಕ ಟೈರು

ಟೈರು ಸವೆದು ಹೊಸದನ್ನು ಕೊಳ್ಳುವ ಹೊತ್ತು ಬಂದಾಗ ಕಾರಿನ ಯಜಮಾನರಲ್ಲಿ ಹೆಚ್ಚಿನವರು ಅಂಗಡಿಯಾತನ ಮುಖ ನೋಡುತ್ತಾರೆ. ಆತ ‘ಈಗಿರುವುದಕ್ಕಿಂತ ಒಂದು ಸೈಜು ದೊಡ್ಡದು ಹಾಕಿಸಿ ಸ್ವಾಮಿ, ಗಾಡಿಗೆ ಕಳೆ ಬರುತ್ತದೆ, ಹಿಡಿತವೂ ಹೆಚ್ಚುತ್ತದೆ’ ಎನ್ನುತ್ತಾನೆ. ನಾವು ತಲೆಯಾಡಿಸುತ್ತೇವೆ. ಆತನ ಸಲಹೆ ಯಾವಾಗಲೂ ತಪ್ಪೆಂದಲ್ಲ. ಆದರೆ ಅದು ಸರಿಯೋ ತಪ್ಪೋ ಎಂದು ತೂಗಿ ನೋಡುವಷ್ಟು ತಿಳಿವಳಿಕೆ ನಿಮ್ಮಲ್ಲಿಯೂ ಇರಬೇಕು. ಏಕೆಂದರೆ ಓಡುವ ಕಾರಿನಲ್ಲಿ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಗಲ ಮಾತ್ರ. ಹೆಂಡತಿ ಮಕ್ಕಳೊಡನೆ ನೀವು ಪ್ರಯಾಣ ಮಾಡುವುದು ಆ ನಾಲ್ಕು ಅಂಗೈಗಳ ಮೇಲೆ.

ಟೈರಿನ ಪಕ್ಕೆಯನ್ನು ಒಮ್ಮೆ ಬಗ್ಗಿ ನೋಡಿ. ಅಲ್ಲಿ 185/65 ಆರ್ 15, ಅದರ ಮುಂದೆ 88 ಎಚ್ ಎಂದು ಅಚ್ಚಾಗಿದೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದು ಟೈರಿನ ಅಗಲ, 185 ಮಿಲಿಮೀಟರು. ಎರಡನೆಯ 65 ಅಳತೆಯಲ್ಲ, ಪ್ರಮಾಣ: ಪಕ್ಕೆಯ ಎತ್ತರವು ಅಗಲದ ನೂರಕ್ಕೆ 65 ಭಾಗ, ಎಂದರೆ ಸುಮಾರು 120 ಮಿಲಿಮೀಟರು. ಕೊನೆಯ 15 ಟೈರು ಕೂರುವ ಕಬ್ಬಿಣದ ಗಾಲಿಯ, ಅಂದರೆ ರಿಮ್ಮಿನ, ವ್ಯಾಸ, ಅದು ಅಂಗುಲದಲ್ಲಿ! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಬೆರೆಸಿದ ಜಾಣರು ಯಾರೋ ಕಾಣೆ. ಪಂಚೆಯನ್ನು ಗಜದಲ್ಲಿ ಅಳೆದು ಅಂಚನ್ನು ಮೀಟರಿನಲ್ಲಿ ಕೊಟ್ಟಂತಾಯಿತು. ನಡುವಿನ ‘ಆರ್’ ಅಕ್ಷರವನ್ನು ರೇಡಿಯಸ್, ಅಂದರೆ ತ್ರಿಜ್ಯ, ಎಂದು ಹಲವರು ಓದುತ್ತಾರೆ. ಅದು ಹಾಗಲ್ಲ, ರೇಡಿಯಲ್ ಎಂಬ ಟೈರಿನ ಜಾತಿಯನ್ನು ಹೇಳುವ ಗುರುತು.

ಈ ಮೂರರಲ್ಲಿ ರಿಮ್ಮಿನ ಅಳತೆಗೆ ಮಾತ್ರ ರಾಜಿಯೇ ಇಲ್ಲ. 15 ಅಂಗುಲದ ಗಾಲಿಗೆ 15 ಅಂಗುಲದ ಟೈರೇ ಆಗಬೇಕು. ಅಮೆರಿಕದ ಹಗುರ ಲಾರಿಗಳಲ್ಲಿ ಒಂದು ಕಾಲಕ್ಕೆ ಹದಿನಾರೂವರೆ ಅಂಗುಲದ ರಿಮ್ಮುಗಳಿದ್ದವು. ಅವಕ್ಕೆ 16 ಅಂಗುಲದ ಟೈರನ್ನು ಕೂರಿಸಲು ಹೋಗಿ, ಗಾಳಿ ತುಂಬುವಾಗ ಟೈರಿನ ಅಂಚು ಸಿಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಅರ್ಧ ಅಂಗುಲದ ಮಾತು ಇದು.

ಅಗಲ, ಎತ್ತರಗಳಲ್ಲಿ ತುಸು ಅವಕಾಶವುಂಟು. ಅಲ್ಲಿ ನೋಡಬೇಕಾದುದು ಟೈರಿನ ಒಟ್ಟು ವ್ಯಾಸ. ಲೆಕ್ಕ ಸುಲಭ. ಪಕ್ಕೆಯ ಎತ್ತರದ ಎರಡರಷ್ಟಕ್ಕೆ ರಿಮ್ಮಿನ ವ್ಯಾಸವನ್ನು ಕೂಡಿಸಿ. 15 ಅಂಗುಲವೆಂದರೆ 381 ಮಿಲಿಮೀಟರು. ಎರಡು ಪಕ್ಕೆಗಳದು 240ಕ್ಕೆ ಅರೆ ಹೆಚ್ಚು. ಒಟ್ಟು ಸುಮಾರು 621. ಈಗ ಅಂಗಡಿಯಾತ 205/65 ಆರ್ 15 ತೋರಿಸಿದನೆನ್ನಿ. ಅದರ ವ್ಯಾಸ 647 ದಾಟುತ್ತದೆ, ಎಂದರೆ ನೂರಕ್ಕೆ ನಾಲ್ಕರಷ್ಟು ಹೆಚ್ಚು. ನಿಮ್ಮ ಮೀಟರು 80 ಕಿಲೋಮೀಟರು ವೇಗವೆಂದು ತೋರಿಸುವುದು ಹಳೆಯ ಟೈರಿನ ಸುತ್ತನ್ನು ನಂಬಿ. ಹಳೆಯ ಟೈರಿನಲ್ಲಿ ಮೀಟರು ಕರಾರುವಾಕ್ಕಾಗಿದ್ದರೆ, ಈ ದೊಡ್ಡ ಟೈರಿನಲ್ಲಿ ಅದು 80 ಎನ್ನುವಾಗ ಕಾರು 83ರ ಮೇಲೆ ಓಡುತ್ತಿರುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗಲೋ, ಐದು ಜನ ಕುಳಿತು ಗುಂಡಿಯಲ್ಲಿ ಇಳಿದಾಗಲೋ ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜಲೂಬಹುದು. ಅದೇ 195/60 ಆರ್ 15 ಎಂದಾದರೆ ವ್ಯಾಸ 615. ವ್ಯತ್ಯಾಸ ನೂರಕ್ಕೆ ಒಂದು ಮಾತ್ರ. ಅಗಲ ಹೆಚ್ಚಿಸಿದಾಗ ಎತ್ತರದ ಪ್ರಮಾಣ ಇಳಿಸುವುದು ಇಲ್ಲಿನ ಗುಟ್ಟು. ನೂರಕ್ಕೆ ಎರಡು ಮೂರರೊಳಗೆ ಇರಲಿ ಎಂಬುದು ಬಲ್ಲವರು ಒಪ್ಪುವ ಮಿತಿ. ಆದರೂ ರಿಮ್ಮಿನ ಅಗಲವನ್ನು ಮರೆಯಬೇಡಿ. ಐದು ಅಂಗುಲ ಅಗಲದ ರಿಮ್ಮು 185/65ಕ್ಕೆ ಸಾಕು, 195/60ಕ್ಕೆ ಐದೂವರೆಯಾದರೂ ಬೇಕು.

ಜನ ಅಷ್ಟಾಗಿ ಗಮನಿಸದ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕೆ ಆ 88. ಅದು ಭಾರದ ಸಂಕೇತ. 88 ಎಂದರೆ ಒಂದು ಟೈರು 560 ಕಿಲೋಗ್ರಾಂ ಹೊರಬಲ್ಲುದು. 84 ಎಂದರೆ 500. ಅಂಕೆಯಲ್ಲಿ ನಾಲ್ಕು ಕಡಿಮೆಯಾದರೆ ಕಾರಿಗೆ ಒಟ್ಟು 240 ಕಿಲೋ ಹೊರುವ ಶಕ್ತಿ ಕಡಿಮೆಯಾಯಿತು. ಅಗ್ಗವಾಯಿತೆಂದು ಕೊಂಡ ಟೈರು ಪೇಟೆಯೊಳಗೆ ತರಕಾರಿ ತರುವಾಗ ಏನೂ ತೊಂದರೆ ಕೊಡದು. ಮದುವೆಗೆಂದು ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೊರಟಿರೆನ್ನಿ. ಒಳಗೆ ಐದು ಜನ, ಹಿಂದೆ ಪೆಟ್ಟಿಗೆಗಳು, ಗಾಳಿ ತುಸು ಇಳಿದಿದೆ, ರಸ್ತೆ ಕಾದ ಹೆಂಚಿನಂತಿದೆ. ಭಾರ ಮಿತಿ ಮೀರಿದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚಾಗಿ ಮಡಚಿಕೊಂಡು ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುಟ್ಟಿ ನೋಡಿದರೆ ಬೆಚ್ಚಗಿರುವುದಿಲ್ಲವೆ? ಹಾಗೆಯೇ ರಬ್ಬರು ಒಳಗಿನಿಂದ ಕಾಯುತ್ತದೆ, ಪದರಗಳು ಬಿಡುತ್ತವೆ, ಟೈರು ಒಡೆಯುತ್ತದೆ. ಆಮೇಲೆ ಬಿಸಿಲನ್ನು ದೂರುತ್ತೇವೆ.

ಕೊನೆಯ ‘ಎಚ್’ ಗಂಟೆಗೆ 210 ಕಿಲೋಮೀಟರಿನ ತನಕ ತಾಳುವ ಗುರುತು. ‘ಟಿ’ ಎಂದರೆ 190. ಅಷ್ಟು ವೇಗ ನಮಗೇಕೆ ಎಂದು ಕೇಳುವಿರಿ. ವೇಗ ಬೇಡ, ನಿಜ. ಆದರೆ ಆ ಅಕ್ಷರ ಶಾಖವನ್ನು ತಾಳುವ ಶಕ್ತಿಯನ್ನೂ ಸೂಚಿಸುತ್ತದೆ. ಅಂಕೆಯಾಗಲಿ ಅಕ್ಷರವಾಗಲಿ ಕಾರಿನವರು ಹೇಳಿದ್ದಕ್ಕಿಂತ ಮೇಲಿನದನ್ನು ಹಾಕಬಹುದು, ಕೆಳಗಿನದು ಕೂಡದು.

ಹೇಳಿದ್ದಾದರೂ ಎಲ್ಲಿ? ಈಗ ಹಾಕಿರುವ ಟೈರನ್ನು ನೋಡಿ ಅದೇ ಸರಿಯೆಂದು ತಿಳಿಯಬೇಡಿ. ಕಾರು ಕೈಬದಲಾಗಿ ಬಂದಿದ್ದರೆ ಹಿಂದಿನ ಯಜಮಾನರು ಏನನ್ನು ಹಾಕಿಸಿದ್ದರೋ! ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿರುತ್ತದೆ. ಇಲ್ಲವೆ ಕಾರಿನೊಡನೆ ಬಂದ ಕೈಪಿಡಿಯಲ್ಲಿದೆ. ಗಾಳಿಯ ಒತ್ತಡವೂ ಅಲ್ಲೇ ಬರೆದಿದೆ, ಪೂರ್ತಿ ಭಾರಕ್ಕೆ ಬೇರೆಯಾಗಿ.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರನ್ನು ಇನ್ನೂ ಜೋಪಾನ ಮಾಡುತ್ತಿರುವವರಿಗೆ ಒಂದು ಮಾತು. ಅದರ ಹಳೆಯ ಟೈರಿನ ಮೇಲೆ 5.90-15 ಎಂದಿರುತ್ತದೆ. ಅಗಲವೂ ಅಂಗುಲದಲ್ಲೇ, ಪಕ್ಕೆಯ ಎತ್ತರ ಅಗಲಕ್ಕೆ ಹತ್ತಿರ ಹತ್ತಿರ ಸಮನಾದ್ದರಿಂದ ಪ್ರಮಾಣದ ಅಂಕೆಯಿಲ್ಲ. ಇದು ರೇಡಿಯಲ್ ಅಲ್ಲ, ನೂಲುಗಳು ಓರೆಯಾಗಿ ಹಾಯುವ ಕ್ರಾಸ್‌ಪ್ಲೈ. ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಈ ಎರಡು ಜಾತಿಗಳನ್ನು ಎಂದೂ ಬೆರೆಸಬಾರದು. ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳದು.

ಹಣ ಕೊಡುವ ಮುನ್ನ ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಇನ್ನೊಂದು ಗುರುತನ್ನು ಹುಡುಕಿ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹಾಗೆಯೇ ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಅಳತೆಯನ್ನೂ ಓದಿ. ಈಚಿನ ಹಲವು ಕಾರುಗಳಲ್ಲಿ ಅದು ಉಳಿದ ನಾಲ್ಕಕ್ಕಿಂತ ಸಣ್ಣದು, ಅದರ ಮೇಲೆ 80 ಕಿಲೋಮೀಟರು ವೇಗದ ಮಿತಿಯನ್ನು ಅಚ್ಚು ಹಾಕಿರುತ್ತಾರೆ. ಅದು ಪಂಕ್ಚರ್ ಅಂಗಡಿ ಮುಟ್ಟುವವರೆಗಿನ ಏರ್ಪಾಡು.