ಮುಂಭಾರ, ಹಿಂಭಾರ

ನಾನು ಲಾರಿ ಓಡಿಸಿದವನಲ್ಲ. ಪುಣೆಯ ಹಿಂಜವಡಿಯಲ್ಲಿ ಕುಳಿತು ಅಮೆರಿಕದ ಲಾರಿಗಳಿಗೆ ಸಾಫ್ಟ್‌ವೇರ್ ಬರೆಯುವವನು. ಗೋದಾಮಿನಲ್ಲಿ ಸರಕು ತುಂಬಿ ತೂಕ ಹಾಕಿಸಿದ ಮೇಲೆ, ಟ್ರೇಲರ್‌ನ ಹಿಂದಿನ ಚಕ್ರಗಳು ಎಲ್ಲಿರಬೇಕು ಎಂದು ಡ್ರೈವರ್‌ಗೆ ಹೇಳುವ ಒಂದು ಸಣ್ಣ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಎರಡು ವಾರದ ಕೆಲಸ ಅಂದುಕೊಂಡೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿಗೆ, ನಾನು ಇಂದಿಗೂ ಮುಖ ನೋಡಿರದ ಒಬ್ಬರ ಒಂದು ದಿನದ ದುಡಿಮೆ ಹೋಯಿತು.

ಚಕ್ರಗಳು ಎಲ್ಲಿರಬೇಕು ಅಂದರೇನು, ಅವು ಇದ್ದಲ್ಲೇ ಇರುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅಮೆರಿಕದ 53 ಅಡಿ ಉದ್ದದ ಟ್ರೇಲರ್‌ನಲ್ಲಿ ಹಿಂದಿನ ಎರಡು ಆಕ್ಸಲ್‌ಗಳು ಒಂದು ಚೌಕಟ್ಟಿಗೆ ಸೇರಿರುತ್ತವೆ. ಅದನ್ನು ಟ್ಯಾಂಡೆಮ್ ಎನ್ನುತ್ತಾರೆ. ಪೆಟ್ಟಿಗೆಯ ಅಡಿಯಲ್ಲಿ ಹಳಿಯಂಥ ಎರಡು ಉಕ್ಕಿನ ಪಟ್ಟಿಗಳು, ಅವುಗಳಲ್ಲಿ ಸಾಲಾಗಿ ತೂತುಗಳು. ಬಹಳಷ್ಟು ಟ್ರೇಲರ್‌ಗಳಲ್ಲಿ ತೂತಿಗೂ ತೂತಿಗೂ 6 ಅಂಗುಲ ಅಂತರ. ಡ್ರೈವರ್ ಟ್ರೇಲರ್‌ನ ಬ್ರೇಕ್ ಹಾಕಿ, ತೂತಿನಲ್ಲಿ ಕೂತಿರುವ ಪಿನ್‌ಗಳನ್ನು ಬಿಡಿಸಿ, ಮುಂದಿನ ಟ್ರ್ಯಾಕ್ಟರನ್ನು ನಿಧಾನವಾಗಿ ಚಲಿಸುತ್ತಾನೆ. ಚಕ್ರ ನಿಂತಲ್ಲೇ ನಿಲ್ಲುತ್ತದೆ, ಅದರ ಮೇಲೆ ಪೆಟ್ಟಿಗೆ ಜಾರುತ್ತದೆ. ಬೇಕಾದ ತೂತಿಗೆ ಬಂದಾಗ ಪಿನ್‌ಗಳನ್ನು ಮತ್ತೆ ಕೂರಿಸಿ, ಕೆಳಗಿಳಿದು, ಎಲ್ಲವೂ ಸರಿಯಾಗಿ ಕೂತಿವೆಯೇ ಎಂದು ನೋಡಲೇಬೇಕು.

ಇಷ್ಟೆಲ್ಲ ಯಾಕೆಂದರೆ ಅಲ್ಲಿನ ಕಾನೂನು ಒಟ್ಟು ತೂಕವನ್ನಷ್ಟೇ ಕೇಳುವುದಿಲ್ಲ. ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ಇಡೀ ಗಾಡಿಗೆ 80,000 ಪೌಂಡ್ ಮಿತಿ, ಅಂದರೆ ಸುಮಾರು 36 ಟನ್. ಅದರೊಳಗೆ ಜೋಡಿ ಆಕ್ಸಲ್ ಒಂದರ ಮೇಲೆ 34,000 ಪೌಂಡ್ ಮೀರುವಂತಿಲ್ಲ. ಒಟ್ಟು ತೂಕ ಸರಿಯಿದ್ದು, ಒಂದೇ ಜೋಡಿಯ ಮೇಲೆ ಹೆಚ್ಚಾದರೂ ಅದು ಓವರ್‌ಲೋಡ್. ರಸ್ತೆಯನ್ನು ಕೆಡಿಸುವುದು ಹೆಚ್ಚಾಗಿ ಆಕ್ಸಲ್ ಮೇಲಿನ ಭಾರ. 1950ರ ದಶಕದ ಕೊನೆಯಲ್ಲಿ ಇಲಿನಾಯ್ಸ್‌ನಲ್ಲಿ ಇದಕ್ಕಾಗಿಯೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ಹೊರಟ ಅಂದಾಜಿನ ಪ್ರಕಾರ, ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು.

ಚಕ್ರವನ್ನು ಎತ್ತ ಸರಿಸಿದರೆ ಭಾರ ಎತ್ತ ಹೋಗುತ್ತದೆ ಎನ್ನುವುದೇ ಮೊದಮೊದಲು ನನಗೆ ತಲೆಕೆಳಗಾಗುತ್ತಿತ್ತು. ಮುಧೋಳದ ಕಡೆ ಊರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ನಕ್ಕ. "ಇದರಾಗ ಏನೈತೋ? ಚಕ್ಕಡಿಗೆ ಕಬ್ಬು ಹೇರುವಾಗ ನಾವೂ ಇದನ್ನ ನೋಡತಿದ್ವಿ. ಮುಂಭಾರ ಆದ್ರ ಎತ್ತಿನ ಹೆಗಲ ಕುಸೀತೈತಿ. ಹಿಂಭಾರ ಆದ್ರ ನೊಗ ಮ್ಯಾಲೆದ್ದು ಕೊರಳಿನ ಹಗ್ಗ ಬಿಗೀತೈತಿ. ಗಾಲಿ ಹೊರಿ ಹತ್ರ ಇದ್ರ ಗಾಲಿನ ಹೊರತೈತಿ, ದೂರ ಇದ್ರ ಎತ್ತು ಹೊರತಾವ."

ಅಷ್ಟೇ ಸೂತ್ರ. ಟ್ಯಾಂಡೆಮನ್ನು ಮುಂದೆ ತಂದರೆ ಅದು ಹೊರೆಗೆ ಹತ್ತಿರವಾಗಿ ಹೆಚ್ಚು ಹೊರುತ್ತದೆ. ಹಿಂದೆ ಸರಿಸಿದರೆ ಭಾರ ಟ್ರ್ಯಾಕ್ಟರ್‌ನ ಆಕ್ಸಲ್‌ಗಳಿಗೆ ಹೋಗುತ್ತದೆ. ತುಂಬಿದ ಟ್ರೇಲರ್‌ನಲ್ಲಿ 6 ಅಂಗುಲದ ಒಂದು ತೂತಿಗೆ ಸುಮಾರು 400 ಪೌಂಡ್ ಅತ್ತಿಂದಿತ್ತ ಆಗುತ್ತದೆ. ಇದನ್ನು ಕೋಡ್ ಮಾಡಿದೆ, ಪರೀಕ್ಷೆಗಳೆಲ್ಲ ಪಾಸಾದವು.

ಕೆಲವು ತಿಂಗಳ ಬಳಿಕ ಒಂದು ದೂರು ಬಂತು. ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಲೋಡು. ತೂಕದ ಚೀಟಿಯಲ್ಲಿ ಸ್ಟಿಯರಿಂಗ್ ಆಕ್ಸಲ್ 11,800, ಟ್ರ್ಯಾಕ್ಟರ್‌ನ ಹಿಂಜೋಡಿ 32,600, ಟ್ರೇಲರ್ 34,900. ಒಟ್ಟು 79,300, ಸರಿಯಾಗಿದೆ. ಟ್ರೇಲರ್ ಮೇಲೆ ಮಾತ್ರ 900 ಹೆಚ್ಚು. ಮೂರು ತೂತು ಹಿಂದೆ ಸರಿಸಿ ಎಂದು ನನ್ನ ಪ್ರೋಗ್ರಾಂ ಹೇಳಿತು. ಆಗ ಟ್ರೇಲರ್ 33,700, ಟ್ರ್ಯಾಕ್ಟರ್‌ನ ಜೋಡಿ 33,800. ಎರಡೂ ಮಿತಿಯೊಳಗೆ.

ಡ್ರೈವರ್ ಪಂಜಾಬಿನವರು, ವರ್ಷಗಳಿಂದ ಆ ದಾರಿಯಲ್ಲಿ ಓಡಾಡಿದವರು. ಅವರು ಸರಿಸಲು ಒಪ್ಪಲಿಲ್ಲ. ಟ್ರೇಲರ್ ಮುಂತುದಿಯ ಕಿಂಗ್‌ಪಿನ್‌ನಿಂದ ಕೊನೆಯ ಆಕ್ಸಲ್‌ನ ಮಧ್ಯದವರೆಗೆ ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಮೀರುವಂತಿಲ್ಲ. ಚಕ್ರ ಹಿಂದೆ ಹೋದಷ್ಟೂ ತಿರುವಿನಲ್ಲಿ ಟ್ರೇಲರ್ ಹೆಚ್ಚು ಒಳಕ್ಕೆ ಕೊಯ್ಯುತ್ತದೆ, ಪಕ್ಕದಲ್ಲಿದ್ದವರ ಮೇಲೆ ಬರುತ್ತದೆ. ಅವರ ಟ್ಯಾಂಡೆಮ್ ಆಗಲೇ 40 ಅಡಿಯ ಗುರುತಿನಲ್ಲಿತ್ತು. ಮೂರು ತೂತು ಅಂದರೆ ಒಂದೂವರೆ ಅಡಿ. ತೂಕ ಸರಿಹೋಗಿ ಉದ್ದ ತಪ್ಪುತ್ತಿತ್ತು. ನನ್ನ ಲೆಕ್ಕದಲ್ಲಿ ಉದ್ದದ ಪ್ರಶ್ನೆಯೇ ಇರಲಿಲ್ಲ.

ಅವರು ಗೋದಾಮಿಗೆ ಮರಳಿ, ಸರದಿಯಲ್ಲಿ ನಿಂತು, ಹಿಂದಿನ ಪ್ಯಾಲೆಟ್‌ಗಳನ್ನು ಮುಂದಕ್ಕೆ ಹಾಕಿಸಿಕೊಂಡು ಹೊರಡುವಷ್ಟರಲ್ಲಿ ದಿನ ಮುಗಿದಿತ್ತು. ಅವರಿಗೆ ಕೂಲಿ ಮೈಲಿಯ ಲೆಕ್ಕದಲ್ಲಿ. ಲಾರಿ ನಿಂತರೆ ಸಂಪಾದನೆಯೂ ನಿಂತಿತು. ನನ್ನ ಸಂಬಳ ಮಾತ್ರ ತಿಂಗಳ ಕೊನೆಗೆ ಎಂದಿನಂತೆ ಬಂತು.

ಮರುವಾರ ಅವರೊಡನೆ ಕಾನ್ಫರೆನ್ಸ್ ಕಾಲ್ ಇತ್ತು. ನಾನು ಹಿಂದಿಯಲ್ಲಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ಭಾಯಿ, ನನಗೆ ಗೊತ್ತಿತ್ತು, ಉಳಿದುಕೊಂಡೆ. ಹೊಸ ಹುಡುಗ ಆಗಿದ್ದರೆ ನಿಮ್ಮ ಸ್ಕ್ರೀನ್ ನಂಬಿ ಗಡಿ ದಾಟುತ್ತಿದ್ದ. ದಂಡದ ಚೀಟಿ ಅವನ ಕೈಗೇ ಬರುತ್ತಿತ್ತು" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಈಗ ಪ್ರೋಗ್ರಾಂ ಮೊದಲು ದಾರಿಯಲ್ಲಿ ಬರುವ ರಾಜ್ಯಗಳ ಉದ್ದದ ನಿಯಮ ನೋಡುತ್ತದೆ, ಆಮೇಲೆ ತೂಕ. ತೂಕ ಹಾಕಿಸಿದ ಮೇಲೆ ತುಂಬಿಸಲಿರುವ ಡೀಸೆಲ್ಲನ್ನೂ ಸೇರಿಸುತ್ತದೆ. 100 ಗ್ಯಾಲನ್ ಎಂದರೆ ಸುಮಾರು 700 ಪೌಂಡ್, ಹೆಚ್ಚಿನದು ಟ್ರ್ಯಾಕ್ಟರ್ ಮೇಲೆ. ಯಾವ ತೂತಿನಲ್ಲೂ ಎರಡೂ ಹೊಂದದಿದ್ದರೆ, ಲಾರಿ ಗೇಟು ದಾಟುವ ಮುಂಚೆಯೇ "ಸರಕನ್ನು ಮುಂದಕ್ಕೆ ಹಾಕಿಸಿ" ಎನ್ನುತ್ತದೆ.

ನಮ್ಮಲ್ಲಿ ಸಾಮಾನ್ಯ ಟ್ರೇಲರ್‌ಗಳ ಆಕ್ಸಲ್ ಹೀಗೆ ಜಾರುವುದಿಲ್ಲ. ಸರಿದೂಗಿಸುವುದೇನಿದ್ದರೂ ತುಂಬುವಾಗಲೇ. ಆದರೆ ನಿಯಮ ಇಲ್ಲೂ ಇದೆ: 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ ಮಿತಿಯನ್ನು 10.2 ಟನ್‌ನಿಂದ 11.5ಕ್ಕೆ, ಜೋಡಿ ಆಕ್ಸಲ್‌ನದನ್ನು 19ರಿಂದ 21ಕ್ಕೆ ಏರಿಸಿತು. ಹಬ್ಬಕ್ಕೆ ಊರಿಗೆ ಹೋಗುವಾಗ ಕೊಲ್ಹಾಪುರದ ದಾರಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮೊದಲು ಹಾರ್ನ್ ಒತ್ತುತ್ತಿದ್ದೆ. ಈಗ ಅವುಗಳ ಹಿಂದಿನ ಚಕ್ರಗಳನ್ನು ನೋಡುತ್ತೇನೆ. ಭಾರ ಎಲ್ಲಿ ಕೂತಿದೆ, ಅದನ್ನು ಅಲ್ಲಿ ಕೂರಿಸಿದವರು ಯಾರು, ಚೀಟಿ ಬರುವುದು ಯಾರ ಕೈಗೆ ಎಂದು ಯೋಚಿಸುತ್ತೇನೆ.