ಹನ್ನೊಂದು ಲಕ್ಷದ ಸಾಲಿನಲ್ಲಿ ಇಬ್ಬರು

2024ರಲ್ಲಿ ಯುರೋಪಿನ ದೇಶಗಳಿಗೆ ಹೋಗಲು ಬೇಕಾದ ಷೆಂಗೆನ್ ವೀಸಾ ಕೋರಿ ಭಾರತದಲ್ಲಿ ಸಲ್ಲಿಕೆಯಾದ ಅರ್ಜಿಗಳು ಹನ್ನೊಂದು ಲಕ್ಷ ದಾಟಿದವು. ದಿನದ ಲೆಕ್ಕ ಹಾಕಿದರೆ ಮೂರು ಸಾವಿರ! ಅದರಲ್ಲಿ ತಿರಸ್ಕೃತವಾದವು ಸುಮಾರು 1.65 ಲಕ್ಷ, ಅಂದರೆ ದಿನವೊಂದಕ್ಕೆ 450. ವೀಸಾ ಸಿಗದಿದ್ದರೂ ಶುಲ್ಕ ಮರಳಿ ಬರುವುದಿಲ್ಲ. ಹಾಗೆ ಆ ಒಂದೇ ವರ್ಷದಲ್ಲಿ ನಮ್ಮ ಜನ ಕಳೆದುಕೊಂಡ ಹಣ ನೂರು ಕೋಟಿ ರೂಪಾಯಿಗೂ ಮೇಲೆ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಧಾರೆಯೆರೆಸಿಕೊಂಡು ಸ್ವಿಟ್ಜರ್ಲೆಂಡಿಗೆ ಹನಿಮೂನ್ ಹೊರಡುವ ಜೋಡಿಯೂ ನಿಲ್ಲಬೇಕಾದದ್ದು ಇದೇ ಸಾಲಿನಲ್ಲಿ.

ಇಂಥ ಜೋಡಿಗಳು ಬದುಕುವ ಊರುಗಳೇನು ಸಣ್ಣವೇ? 2011ರ ಜನಗಣತಿಯಂತೆ ಥಾಣೆ ನಗರದಲ್ಲಿ 18.4 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12.5 ಲಕ್ಷ, ನವಿಮುಂಬಯಿಯಲ್ಲಿ 11.2 ಲಕ್ಷ ಜನ. ಕೂಡಿದರೆ 42 ಲಕ್ಷ. ಅವರಲ್ಲಿ ಕೆಲವರು ನೋಡಲು ಬಯಸುವ ಕ್ರೊವೇಶಿಯಾ ಎಂಬ ಇಡೀ ದೇಶದಲ್ಲಿ 40 ಲಕ್ಷ ಜನರೂ ಇಲ್ಲ. ಸ್ವಿಟ್ಜರ್ಲೆಂಡಿನ ಪಕ್ಕದ ಲಿಕ್ಟನ್‌ಸ್ಟೈನ್‌ನ ಜನಸಂಖ್ಯೆ ಸುಮಾರು 40 ಸಾವಿರ. ಬೆಳಗಿನ ನೂಕುನುಗ್ಗಲಿನಲ್ಲಿ ಐದು ಸಾವಿರದಷ್ಟು ಮಂದಿಯನ್ನು ಹೊತ್ತೊಯ್ಯುವ 12 ಡಬ್ಬಿಯ ಲೋಕಲ್ ಗಾಡಿಗಳು ಎಂಟು ಸಾಕು, ಆ ದೇಶವೇ ಖಾಲಿ!

ಇನ್ನು ಷೆಂಗೆನ್ ಅರ್ಜಿಯ ಫೈಲಿನ ಒಳಗೆ ನೋಡೋಣ. ಗಂಡ-ಹೆಂಡತಿಗೆ ಜಂಟಿ ಅರ್ಜಿ ಎಂಬುದಿಲ್ಲ. ಇಬ್ಬರಿಗೂ ಬೇರೆ ಬೇರೆ ಫಾರ್ಮು, 35×45 ಮಿಲಿಮೀಟರ್ ಅಳತೆಯ ಫೋಟೊ, ತಲಾ 90 ಯೂರೋ ಶುಲ್ಕ. ಒಬ್ಬೊಬ್ಬರಿಗೂ ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರವಾಸ ವಿಮೆ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ಇಬ್ಬರಿಗೆ 60 ಲಕ್ಷದ ರಕ್ಷಣೆ. ಇದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಆಫೀಸಿನ ರಜಾಪತ್ರ, ಹೋಟೆಲ್ ಬುಕಿಂಗ್. ಕೊನೆಗೆ ಮುಂಬಯಿಯ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಅಚ್ಚು. ಬೆರಳ ತುದಿಗೆ ಮೆಹಂದಿ ಹಚ್ಚಿದ್ದರೆ ಯಂತ್ರ ಗೆರೆ ಗುರುತಿಸಲು ತಿಣುಕುತ್ತದೆ. ಹೊಸ ಮದುಮಗಳು ಇದನ್ನು ಮೊದಲೇ ತಿಳಿದಿರಬೇಕು. ಒಮ್ಮೆ ಕೊಟ್ಟ ಅಚ್ಚು 59 ತಿಂಗಳು ನಡೆಯುತ್ತದೆ.

ಹೀಗೆ ಸರಕಾರಗಳ ಪರವಾಗಿ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಗ್ಲೋಬಲ್ ಕಂಪೆನಿ 2001ರಲ್ಲಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ. ಇಂದು ಅದರ ಕೇಂದ್ರಗಳು 140ಕ್ಕೂ ಹೆಚ್ಚು ದೇಶಗಳಲ್ಲಿವೆ.

ಅಮೆರಿಕದ ಕಥೆ ಇನ್ನೂ ದೊಡ್ಡದು. ಕೋವಿಡ್ ನಂತರ, 2022ರಲ್ಲಿ, ಭಾರತದಲ್ಲಿ ಪ್ರವಾಸಿ ವೀಸಾದ ಸಂದರ್ಶನಕ್ಕೆ ಕಾಯಬೇಕಿದ್ದ ಅವಧಿ ಸುಮಾರು 1000 ದಿನ! ಆಗ ಮದುವೆಯಾಗಿ ಅರ್ಜಿ ಹಾಕಿದವರು ಮಗುವಿನ ಎರಡನೇ ಹುಟ್ಟುಹಬ್ಬ ಮುಗಿಸಿ ಸಂದರ್ಶನಕ್ಕೆ ಹೋಗಬಹುದಿತ್ತು. ಸಿಬ್ಬಂದಿ ಹೆಚ್ಚಿಸಿ 2023ರಲ್ಲಿ 14 ಲಕ್ಷ ಭಾರತೀಯರ ವೀಸಾ ಕೆಲಸ ಮುಗಿಸಿದ ಮೇಲೆ ಆ ಕಾಯುವಿಕೆ ಸರಾಸರಿ 250 ದಿನಕ್ಕೆ ಇಳಿಯಿತು.

ಆದರೆ ಷೆಂಗೆನ್ ಸಾಲಿನಲ್ಲಿ ಇಷ್ಟೆಲ್ಲ ದಾಟಿದವರಿಗೆ ಸಿಗುವುದೂ ಅಷ್ಟೇ ಅಚ್ಚರಿಯದು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ನದಿಯಲ್ಲಿ ನಿಂತ ಹಡಗಿನ ಮೇಲೆ ಐದು ದೇಶಗಳು ಮಾಡಿಕೊಂಡ ಒಪ್ಪಂದ ಈಗ 29 ದೇಶಗಳಿಗೆ ಹಬ್ಬಿದೆ. ಪಾಸ್‌ಪೋರ್ಟಿನ ಒಂದೇ ಪುಟಕ್ಕೆ ಅಂಟಿಸಿದ ಚೀಟಿ 45 ಕೋಟಿ ಜನರ ನಾಡನ್ನು ತೆರೆಯುತ್ತದೆ. ಇತ್ತ ನಮ್ಮಲ್ಲಿ, 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣದ ಮೊದಲ ಹಂತಕ್ಕೇ ವರ್ಷಕ್ಕೆ ಎರಡು ಕೋಟಿ ಪ್ರಯಾಣಿಕರ ಸಾಮರ್ಥ್ಯವಿದೆ. ಹೊರಡುವವರ ಸಂಖ್ಯೆ ಏರುತ್ತಲೇ ಹೋಗುತ್ತದೆ.

ಆದ್ದರಿಂದ ಮದುವೆ ನಿಶ್ಚಯವಾದ ಮನೆಗಳಿಗೆ ನನ್ನದೊಂದು ಕಳಕಳಿಯ ಮಾತು. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಹಾಲ್ ಬುಕ್ ಮಾಡಿದ ವಾರವೇ ಇಬ್ಬರ ಪಾಸ್‌ಪೋರ್ಟ್ ತೆಗೆದು ನೋಡಿ. ಮದುವೆಯಾಯಿತೆಂದು ಹುಡುಗಿಯ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರಿನಲ್ಲೇ ಟಿಕೆಟ್, ವೀಸಾ ಮಾಡಿಸಿ. ರದ್ದು ಮಾಡಿದರೆ ಹಣ ಮರಳದ ಟಿಕೆಟನ್ನು ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ. ನೂರರಲ್ಲಿ 85 ಮಂದಿಗೆ ವೀಸಾ ಸಿಗುತ್ತದೆ. ಆ 85ರಲ್ಲಿ ನೀವಿಬ್ಬರೂ ಇರಬೇಕಾದರೆ ಕಾಗದಪತ್ರದ ಕೆಲಸವನ್ನು ಇಂದೇ ಶುರು ಮಾಡಿ.